ರಾಳದೊಳಗಿನ ನುಸಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಾಲ್ಟಿಕ್ ಅಂಬರ್ ಎಂದು ಕೊಂಡ ಪದಕವೊಂದು ಮನೆಯಲ್ಲಿದೆ. ಒಳಗೆ ಸಾಸಿವೆಗಿಂತ ಚಿಕ್ಕ ಚುಕ್ಕೆ. ನುಸಿಯೋ, ಕಸವೋ? ಅಂಬರ್ ಆದರೂ ಅಸಲಿಯೇ?
— ಡೊಂಬಿವಲಿಯ ಓದುಗರು

ಉತ್ತರ: ಮೊದಲು ಅಂಬರಿನ, ಅಂದರೆ ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾದ ಮರದ ರಾಳದ ವಿಚಾರ. 100 ಮಿ.ಲೀ. ನೀರಿಗೆ 20 ಗ್ರಾಂ ಉಪ್ಪು ಕರಗಿಸಿ, ಲೋಹದ ಕಟ್ಟು ಬಿಚ್ಚಿ ಕಲ್ಲನ್ನಷ್ಟೇ ಹಾಕಿ. ಅಂಬರ್ ತೇಲುತ್ತದೆ, ಗಾಜು, ಬೇಕಲೈಟ್ ಮತ್ತು ಅಕ್ರಿಲಿಕ್ ಪ್ಲಾಸ್ಟಿಕ್‌ಗಳು ಮುಳುಗುತ್ತವೆ. ಉಪ್ಪನ್ನು ಕೈಗೆ ಬಂದಷ್ಟು ಸುರಿಯಬೇಡಿ, ನೀರು ತೀರಾ ಗಾಢವಾದರೆ ಅಕ್ರಿಲಿಕ್ಕೂ ತೇಲಿ ಮೋಸಹೋಗುತ್ತೀರಿ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮತ್ತು ಇನ್ನೂ ಬಲಿಯದ ರಾಳವಾದ ಕೋಪಲ್ ಈ ನೀರಿನಲ್ಲಿ ತೇಲುತ್ತವೆ. ಅವುಗಳಿಗೆ ಬೇರೆ ಪರೀಕ್ಷೆ: ಹಿಂಬದಿಯ ಅಂಚಿಗೆ ಒಂದು ಹನಿ ಅಸಿಟೋನ್ ಇಟ್ಟು, ಆರುತ್ತಿದ್ದಂತೆ ಮುಟ್ಟಿ ನೋಡಿ. ಅಂಟಿದರೆ ಅಂಬರ್ ಅಲ್ಲ.

ಇನ್ನು ಚುಕ್ಕೆ. 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕಾಲು ಎಣಿಸಿ. ನುಸಿ ಎಂದರೆ ಜೇಡದ ಬಳಗದ ಪುಟ್ಟ ಜೀವಿ, ಮೈಟ್. ಬೆಳೆದ ನುಸಿಗೆ ಎಂಟು, ಮರಿಗೆ ಆರು. ಜೇಡದಂತೆ ನಡುವೆ ಸೊಂಟ ಇರುವುದಿಲ್ಲ, ಒಡಲೆಲ್ಲ ಒಂದೇ ಮುದ್ದೆ. ಕೀಟಗಳಂತೆ ಮೀಸೆಯೂ ಇಲ್ಲ. ಬಾಲ್ಟಿಕ್ ಅಂಬರಿನಲ್ಲಿ ಎಲ್ಲರನ್ನೂ ಏಮಾರಿಸುವುದು ಓಕ್ ಮರದ ನಕ್ಷತ್ರದಂಥ ರೋಮಗಳು. ಒಂದೇ ಬಿಂದುವಿನಿಂದ ಹಲವು ಕಡ್ಡಿಗಳು ಚಾಚಿರುವುದರಿಂದ ಥೇಟ್ ಕಾಲುಗಳಂತೆ ಕಾಣುತ್ತವೆ. ಆದರೆ ಆ ಕಡ್ಡಿಗಳಿಗೆ ಗಂಟಿಲ್ಲ. ನುಸಿಯ ಕಾಲಿಗೆ ಗಂಟುಗಳಿವೆ.

ಪ್ರಶ್ನೆ: ನುಸಿ ಸ್ಪಷ್ಟವಾಗಿ ಕಾಣಲೆಂದು ಅಂಬರನ್ನು ಎಮರಿ ಪೇಪರಿನಲ್ಲಿ ಉಜ್ಜಿದೆ. ಮೇಲ್ಮೈ ಬೆಳ್ಳಗಾಗಿ ಏನೂ ಕಾಣದಂತಾಯಿತು. ಎಲ್ಲಿ ತಪ್ಪಿದೆ? ಎಷ್ಟು ಹತ್ತಿರದವರೆಗೆ ಉಜ್ಜಬಹುದು?
— ಪುಣೆಯ ವಿದ್ಯಾರ್ಥಿನಿ

ಉತ್ತರ: ಬೆಳ್ಳಗಾದದ್ದು ಗೀರುಗಳಿಂದ. ಅಂಬರ್ ಕೆಟ್ಟಿಲ್ಲ, ಗಾಬರಿ ಬೇಡ. ನೀರು ಹಾಕಿ ಉಜ್ಜುವ ವಾಟರ್ ಪೇಪರನ್ನೇ ತನ್ನಿ: 400, 1000, 2000, 3000 ನಂಬರಿನವು. ದಪ್ಪ ಗಾಜಿನ ಮೇಲೆ ಪೇಪರ್ ಹಾಸಿ, ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ, ಕೈಯಿಂದಲೇ ಉಜ್ಜಿ. ಮೋಟಾರ್ ಚಕ್ರ ಬೇಡವೇ ಬೇಡ. ಬಿಸಿಗೆ ಅಂಬರ್ ಮೆತ್ತಗಾಗಿ ಪೇಪರಿಗೆ ಮೆತ್ತಿಕೊಳ್ಳುತ್ತದೆ, ಮೇಲ್ಮೈ ಸಣ್ಣಗೆ ಬಿರಿಯುತ್ತದೆ. ನಂಬರ್ ಬದಲಿಸುವಾಗ ಕಲ್ಲು, ಗಾಜು, ಕೈ ಮೂರನ್ನೂ ತೊಳೆಯಬೇಕು. 400ರ ಒಂದೇ ಕಣ ಉಳಿದರೂ 3000ದ ಕೆಲಸವೆಲ್ಲ ಹಾಳು. ಪ್ರತಿ ನಂಬರಿಗೂ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿ. ಹಿಂದಿನ ಗೀರು ಪೂರ್ತಿ ಅಳಿದ ಮೇಲೆಯೇ ಮುಂದಿನ ಪೇಪರ್. ಕೊನೆಗೆ ಒದ್ದೆ ಹತ್ತಿಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಹೊಳಪು ಕೊಡಿ, ಜೆಲ್ ಬೇಡ.

ನಿಲ್ಲಿಸುವುದು ಎಲ್ಲಿ ಎಂಬುದೇ ಇಡೀ ವಿದ್ಯೆ. ಮೈಕ್ರೋಸ್ಕೋಪಿನ ಸಣ್ಣ ತಿರುಪಿನಲ್ಲಿ ಗೀಟುಗಳಿರುತ್ತವೆ, ಹಲವು ಮಾದರಿಗಳಲ್ಲಿ ಒಂದು ಗೀಟಿಗೆ 2 ಮೈಕ್ರಾನ್ (1000 ಮೈಕ್ರಾನ್ ಎಂದರೆ 1 ಮಿ.ಮೀ.). 10ರ ಮಸೂರದಲ್ಲಿ ಮೊದಲು ಮೇಲ್ಮೈಯ ಗೀರಿಗೆ, ನಂತರ ನುಸಿಯ ಬೆನ್ನಿಗೆ ಫೋಕಸ್ ಮಾಡಿ ನಡುವಿನ ಗೀಟು ಎಣಿಸಿ. 130 ಗೀಟು ಬಂದರೆ 260 ಮೈಕ್ರಾನ್. ಅಂಬರ್ ಬೆಳಕನ್ನು ಬಾಗಿಸುವುದರಿಂದ ಆಳ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, 1.54ರಿಂದ ಗುಣಿಸಿ, ನಿಜವಾದ ಆಳ ಸುಮಾರು 400 ಮೈಕ್ರಾನ್. 400ರ ಪೇಪರನ್ನು 1 ಮಿ.ಮೀ. ಉಳಿದಾಗ ಬಿಡಿ, 1000ದ್ದನ್ನು 0.3 ಮಿ.ಮೀ. ಉಳಿದಾಗ ಬಿಡಿ. ಆಮೇಲೆ ಹತ್ತು ಸಲ ಉಜ್ಜಿದರೆ ಒಮ್ಮೆ ಅಳೆಯಿರಿ. ನುಸಿ ಓರೆಯಾಗಿ ಮಲಗಿದ್ದರೆ ಬೆನ್ನನ್ನಲ್ಲ, ಮೇಲೆದ್ದ ಕಾಲಿನ ತುದಿಯನ್ನೇ ಅಳತೆಗೆ ಹಿಡಿಯಿರಿ. ಜಾತಿ ಗುರುತಿಸಲು ಬೇಕಾದ ಉಗುರು, ರೋಮಗಳು ಅಲ್ಲೇ ಇರುತ್ತವೆ, ಮೊದಲು ಸವೆದುಹೋಗುವುದೂ ಅವೇ.

ಐದು ಮಿ.ಮೀ.ಗಿಂತ ಚಿಕ್ಕ ಅಥವಾ ಬಿರುಕುಬಿಟ್ಟ ತುಂಡನ್ನು ನೇರ ಉಜ್ಜಬೇಡಿ. ನೀರಿನಂತೆ ತೆಳುವಾದ, ಒಂದು ದಿನ ತೆಗೆದುಕೊಂಡು ಗಟ್ಟಿಯಾಗುವ ಪಾರದರ್ಶಕ ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿ ಎರಕ ಹಾಕಿ, ಆಮೇಲೆ ಉಜ್ಜಿ. ಐದು ನಿಮಿಷದ ಎಪಾಕ್ಸಿ ದಪ್ಪ. ಬಿಸಿಯಾಗುತ್ತದೆ, ಬಿರುಕಿಗೆ ಇಳಿಯುವುದಿಲ್ಲ, ಗುಳ್ಳೆ ಉಳಿಸುತ್ತದೆ. ಎಪಾಕ್ಸಿಯಿಂದ ಮತ್ತೆ ಬಿಡಿಸಲಾಗದು, ಹಾಗಾಗಿ ಮೊದಲೇ ಎಲ್ಲ ಮಗ್ಗುಲುಗಳಿಂದ ಫೋಟೋ ತೆಗೆದಿಡಿ.

ಪ್ರಶ್ನೆ: ಹೊಳಪು ಕೊಟ್ಟರೂ ಫೋಟೋ ಮಸುಕು. 40ರ ಮಸೂರ ಹಾಕಿದರೆ ಇನ್ನೂ ಮಸುಕು.
— ಮಾಟುಂಗದ ಓದುಗರು

ಉತ್ತರ: ಉಳಿದ ಗೀರು ಮರೆಸಲು ಸಕ್ಕರೆ ಪಾಕ ಮಾಡಿ: ಎರಡು ಪಾಲು ಸಕ್ಕರೆ, ಒಂದು ಪಾಲು ನೀರು, ತೂಕದ ಲೆಕ್ಕದಲ್ಲಿ. ಬಿಸಿಮಾಡಿ ಕರಗಿಸಿ ಆರಿಸಿ. ಒಂದೆಳೆ ಪಾಕಕ್ಕಿಂತ ತೆಳುವಾಗಿರುತ್ತದೆ. ಅಂಬರಿನ ಮೇಲೆ ಒಂದು ಹನಿ ಬಿಟ್ಟು ಕವರ್‌ಸ್ಲಿಪ್ (ಮೈಕ್ರೋಸ್ಕೋಪಿಗೆ ಬಳಸುವ ತೆಳು ಗಾಜು) ಮುಚ್ಚಿ. ಪಾಕ ಬೆಳಕನ್ನು ಬಾಗಿಸುವ ಪ್ರಮಾಣ ಗಾಳಿಗಿಂತ ಅಂಬರಿಗೆ ಹತ್ತಿರ, ಆದ್ದರಿಂದ ಸಣ್ಣ ಗೀರುಗಳು ಕಣ್ಮರೆಯಾಗುತ್ತವೆ. ಕೆಲಸ ಮುಗಿದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಇರುವೆ ಸಾಲು. ಸಾಮಾನ್ಯ 40ರ ಮಸೂರ 0.17 ಮಿ.ಮೀ. ಗಾಜಿನ ಹಿಂದಿರುವುದನ್ನು ನೋಡಲೆಂದು ಮಾಡಿದ್ದು. ಮಧ್ಯೆ ಅಂಬರ್ ದಪ್ಪವಾದಷ್ಟೂ ಚಿತ್ರ ಹರಡಿಕೊಳ್ಳುತ್ತದೆ. 20ರದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಫ್ಯಾನ್ ಆರಿಸಿ, ಒಂದೊಂದೇ ಗೀಟು ತಿರುಗಿಸುತ್ತ ಫೋಟೋ ತೆಗೆಯಿರಿ. 0.15 ಮಿ.ಮೀ. ದಪ್ಪದ ನುಸಿಗೆ ಸುಮಾರು 50 ಬೇಕು. ಅವನ್ನು ಫೋಕಸ್ ಸ್ಟ್ಯಾಕಿಂಗ್ ತಂತ್ರಾಂಶದಲ್ಲಿ ಒಂದಾಗಿಸಿ. ಬಾಲ್ಟಿಕ್ ಅಂಬರಿನಲ್ಲಿ ನುಸಿಯ ಸುತ್ತ ಹಾಲಿನಂಥ ಮಬ್ಬು ಇದ್ದರೆ ಅದು ಸೂಕ್ಷ್ಮ ಗುಳ್ಳೆಗಳ ಪದರ, ಯಾವ ಹೊಳಪಿಗೂ ಹೋಗದು. ಅಂಥ ಕಡೆ ಎಕ್ಸ್‌ರೇ ಸಿ.ಟಿ.ಯೇ ದಾರಿ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೇಡದ ಮೇಲೆ ಕೂತಿದ್ದ 0.176 ಮಿ.ಮೀ. ನುಸಿಯನ್ನು ಹೀಗೆಯೇ ಬಿಡಿಸಿ ನೋಡಿದ್ದಾರೆ.

ಪ್ರಶ್ನೆ: ನಮ್ಮ ತೆಂಗಿಗೆ ಬೀಳುವ ನುಸಿಗೂ ಅಂಬರಿನ ನುಸಿಗೂ ನಂಟಿದೆಯೇ? ಭಾರತದಲ್ಲಿ ಅಂಬರ್ ಸಿಗುತ್ತದೆಯೇ?
— ಮಡಗಾಂವ್‌ನ ಓದುಗರು

ಉತ್ತರ: ಇದೆ, ತುಂಬ ಹಳೆಯ ನಂಟು. ಇಟಲಿಯ ಡೋಲೊಮೈಟ್ ಬೆಟ್ಟಗಳ 23 ಕೋಟಿ ವರ್ಷ ಹಳೆಯ ರಾಳದ ಹನಿಗಳಲ್ಲಿ ಸಿಕ್ಕ ಎರಡು ನುಸಿಗಳನ್ನು 2012ರಲ್ಲಿ ವಿವರಿಸಲಾಯಿತು. ಸುಮಾರು 70,000 ಹನಿ ಶೋಧಿಸಿದಾಗ ಸಿಕ್ಕವು. ತೆಂಗಿನ ನುಸಿಯ ಬಳಗದವೇ: ಹುಳುವಿನಂತೆ ಉದ್ದ ಮೈ, ನಾಲ್ಕೇ ಕಾಲು. ಎಂಟು ಕಾಲಿನ ನಿಯಮಕ್ಕೆ ಈ ಬಳಗ ಹೊರತು. ಅಷ್ಟು ಹಿಂದೆ ಹೂಬಿಡುವ ಗಿಡಗಳ ಸುಳಿವಿಲ್ಲ. ಅವು ರಾಳ ಸುರಿಸುವ ಶಂಕುಮರಗಳಲ್ಲಿದ್ದವು.

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್ ಸಿಕ್ಕಿದೆ. ನಮ್ಮ ಘಟ್ಟದ ಧೂಪದ ಮರದ ಕುಟುಂಬದ ಮರಗಳ ರಾಳ ಅದು.

ಪ್ರಶ್ನೆ: ಮುಂಬಯಿಯ ಮಳೆಗಾಲದಲ್ಲಿ ಕಾಪಾಡುವುದು ಹೇಗೆ?
— ಮುಲುಂಡಿನ ಓದುಗರು

ಉತ್ತರ: ಗಾಳಿಯಾಡದ ಡಬ್ಬಿ, ಕತ್ತಲು. ಬಿಸಿಲು ತಾಗಿದರೆ ಕೆಂಪಾಗಿ ಬಿರಿಯುತ್ತದೆ. ಸಿಲಿಕಾ ಜೆಲ್ ತುಂಬಿ ತೀರಾ ಒಣಗಿಸುವುದೂ ತಪ್ಪು. ಒಳಗಿನ ತೇವ 50 ಶೇಕಡಾ ಆಸುಪಾಸಿನಲ್ಲಿರಲಿ. ಫ್ರಿಜ್ ಬೇಡ. ಕರ್ಪೂರ, ನುಸಿಗುಳಿಗೆ, ಅತ್ತರು, ಸ್ಯಾನಿಟೈಸರ್ ಇದ್ದ ಕಪಾಟಿನಲ್ಲಿ ಇಡಬೇಡಿ. ತುಂಡಿನ ಸಂಖ್ಯೆ, ಎಲ್ಲಿಯ ಅಂಬರ್, ನುಸಿ ಯಾವ ಮೂಲೆಯಲ್ಲಿದೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಅದೇ ಡಬ್ಬಿಯೊಳಗಿರಲಿ. ಪೆನ್ನಿನ ಶಾಯಿ ಒಂದೇ ಮಳೆಗಾಲಕ್ಕೆ ಹರಡಿಹೋಗುತ್ತದೆ.