ಎಮ್‌ಡಿ0 ಹೋಗಿ ಎಮ್‌ಡಿ127 ಆಗಿರುವ ಬಗ್ಗೆ

ಕುಂಬಳೆಯ ನಿಮ್ಮ ಸ್ಟುಡಿಯೋದ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ ಕರೆಂಟು ಹೋಗಿ ಬಂದ ಮೇಲೆ ಎಮ್‌ಡಿ0 ಎಂದಿದ್ದ ರೇಯ್ಡ್ 1 (ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಇಡುವ ಜೋಡಣೆ) ಎಮ್‌ಡಿ127 ಎಂದು ತೋರುತ್ತಿರುವುದಕ್ಕೆ, ಅದರ ವಿವರ ಇನಿಟ್‌ರಾಮ್‌ಎಫ್‌ಎಸ್‌ನೊಳಗೆ (ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ ಪುಟ್ಟ ಕಡತ ವ್ಯವಸ್ಥೆ) ಸೇರದಿರುವುದೇ ಬಹುಶಃ ಕಾರಣ. ಗಾಬರಿಯಲ್ಲಿ ಮತ್ತೆ ಹೊಸದಾಗಿ ರೇಯ್ಡ್ ಕಟ್ಟುವ 'ಕ್ರಿಯೇಟ್' ಆಜ್ಞೆಯನ್ನು ಮಾತ್ರ ಕೊಡಬೇಡಿ. ಮೊದಲು ರೇಯ್ಡ್‌ನ ಸ್ಥಿತಿ ತೋರಿಸುವ, ಪ್ರಾಕ್‌ನ ಎಮ್‌ಡಿಸ್ಟಾಟ್ ಕಡತ ನೋಡಿ: ಚೌಕ ಆವರಣದಲ್ಲಿ ಎರಡು 'ಯು' ಇದ್ದರೆ ಎರಡೂ ಡಿಸ್ಕ್ ಜೋಡಣೆಯಲ್ಲಿವೆ, ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ, ಡಿಸ್ಕ್ ಕೆಟ್ಟಿದೆಯೋ ಕೇಬಲ್ ಸಡಿಲವೋ ಎಂಬುದನ್ನು ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ನೋಡದೆ ಹೇಳಲಾಗದು (ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೇಬಲ್ಲಿನ ತುದಿ ಕಿಲುಬು ಹಿಡಿದದ್ದನ್ನೂ ಕಂಡಿದ್ದೇನೆ). ಎರಡೂ ಇದ್ದರೆ, ರೇಯ್ಡ್ ನಿಭಾಯಿಸುವ ಆಜ್ಞೆಯಾದ ಎಮ್‌ಡಿಎಡಿಎಮ್‌ನ 'ಡಿಟೇಲ್ ಸ್ಕ್ಯಾನ್' ಕೊಡುವ ಸಾಲಿನಲ್ಲಿ ಹೆಸರನ್ನು ಎಮ್‌ಡಿ0 ಎಂದು ತಿದ್ದಿ ಎಮ್‌ಡಿಎಡಿಎಮ್ ಡಾಟ್ ಕಾನ್ಫ್‌ಗೆ ಸೇರಿಸಿ, ಹಳೆಯ ಸಾಲಿದ್ದರೆ ಅಳಿಸಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೈಫನ್ ಯು ಜೊತೆ ನಡೆಸಿ. ಯಾವುದು ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್‌ ಕಡತದಲ್ಲಿ, ಈ ರೇಯ್ಡ್‌ಗೆ ಬಿಎಲ್‌ಕೆಐಡಿ ಆಜ್ಞೆ ತೋರಿಸುವ ಯುಯುಐಡಿಯನ್ನೇ (ಗುರುತಿನ ಸಂಖ್ಯೆ) ಬರೆಯಿರಿ. ಎಮ್‌ಡಿಎಡಿಎಮ್ ತೋರಿಸುವುದು ಬೇರೆ. ಆಮೇಲೆ ರೀಬೂಟ್ ಮಾಡಿ.