ನರಕ್ಕೆ ಕರೆಂಟ್ ಕೊಟ್ಟರೆ ಬಿಪಿ ಇಳಿಯುವುದೇ?

ಪ್ರಶ್ನೆ: ನನಗೆ 58 ವರ್ಷ. ಒಂಬತ್ತು ವರ್ಷಗಳಿಂದ ಬಿಪಿಗೆ ಮಾತ್ರೆ ನುಂಗುತ್ತಿದ್ದೇನೆ, ಈಗ ದಿನಕ್ಕೆ ಎರಡು. ಇತ್ತೀಚೆಗೆ ನಮ್ಮೂರಿನ ಶಿಬಿರವೊಂದರಲ್ಲಿ ಮಣಿಕಟ್ಟಿಗೂ ಮೊಣಕಾಲಿನ ಕೆಳಗೂ ಅಂಟುಪಟ್ಟಿ ಹಚ್ಚಿ, ಸಣ್ಣಗೆ ಕರೆಂಟ್ ಹರಿಸುವ ಯಂತ್ರವನ್ನು ತೋರಿಸಿದರು. ಅರ್ಧ ಗಂಟೆಯಲ್ಲಿ ನನ್ನ ಬಿಪಿ ನಿಜಕ್ಕೂ ಇಳಿಯಿತು. ಮೂರು ತಿಂಗಳು ಬಳಸಿದರೆ ಮಾತ್ರೆಯನ್ನೇ ಬಿಡಬಹುದು ಎನ್ನುತ್ತಾರೆ. ಇದರಲ್ಲಿ ವಿಜ್ಞಾನ ಇದೆಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ವಿಜ್ಞಾನ ಇದೆ. ಆದರೆ ಮಾತ್ರೆ ಬಿಡುವಷ್ಟು ಇಲ್ಲ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಒಂದು ಮಾತು: ಇಂದು ರಾತ್ರಿಯ ಮಾತ್ರೆಯನ್ನು ದಯವಿಟ್ಟು ತಪ್ಪಿಸಬೇಡಿ. ಕೆಲವು ಬಿಪಿ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡವು ಮೊದಲಿದ್ದುದಕ್ಕಿಂತಲೂ ಮೇಲಕ್ಕೆ ಚಿಮ್ಮುತ್ತದೆ.

ದವಡೆಯ ಮೂಲೆಯ ಕೆಳಗೆ ಮೆಲ್ಲಗೆ ಬೆರಳಿಟ್ಟರೆ ನಾಡಿ ಬಡಿಯುವುದು ತಿಳಿಯುತ್ತದೆ. ಅದು ಮೆದುಳಿಗೆ ರಕ್ತ ಒಯ್ಯುವ ಕ್ಯರೋಟಿಡ್ ಧಮನಿ. ಅದು ಎರಡಾಗಿ ಕವಲೊಡೆಯುವ ಜಾಗದಲ್ಲಿ ನಾಳದ ಗೋಡೆ ತುಸು ಉಬ್ಬಿದ್ದು, ಗೋಡೆಯೊಳಗೆ ಹಿಗ್ಗನ್ನು ಗ್ರಹಿಸುವ ನರದ ತುದಿಗಳಿವೆ. ರಕ್ತದೊತ್ತಡ ಏರಿ ಗೋಡೆ ಹಿಗ್ಗಿದೊಡನೆ ಇವು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ; ಮೆದುಳು ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಗ್ಗಿಸುತ್ತದೆ, ರಕ್ತನಾಳಗಳನ್ನು ಬಿಗಿಹಿಡಿದಿರುವ ಸಿಂಪಥೆಟಿಕ್ ನರಗಳನ್ನು ಸಡಿಲಿಸುತ್ತದೆ. ನಾವು ಹಾಸಿಗೆಯಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬಾರದಿರುವುದಕ್ಕೂ ಇದೇ ವ್ಯವಸ್ಥೆ ಕಾರಣ. ಬಿಪಿ ಬಹುಕಾಲ ಏರಿಯೇ ಇದ್ದವರಲ್ಲಿ ಈ ಕಾವಲು ನರಗಳು ಏರಿದ ಮಟ್ಟಕ್ಕೇ ಒಗ್ಗಿಹೋಗುತ್ತವೆ. ಹಾಗಾದರೆ ಆ ನರಗಳಿಗೆ ಹೊರಗಿನಿಂದ ವಿದ್ಯುತ್ ಕೊಟ್ಟು, 'ಒತ್ತಡ ಏರಿದೆ' ಎಂಬ ಸುದ್ದಿಯನ್ನು ನಾವೇ ಕಳಿಸಿದರೆ ಹೇಗೆ? ಈ ವಿಚಾರ ಹೊಸದಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಶಸ್ತ್ರವೈದ್ಯರು ಕುತ್ತಿಗೆಯೊಳಗೆ ತಂತಿ ಜೋಡಿಸಿ ಇದನ್ನು ಮಾಡಿ ನೋಡಿದ್ದರು. ಅಂದಿನ ಉಪಕರಣಗಳು ದೊಡ್ಡವಿದ್ದವು, ವಿದ್ಯುತ್ತು ಅಕ್ಕಪಕ್ಕದ ಅಂಗಗಳಿಗೂ ಹರಡುತ್ತಿತ್ತು, ಅಷ್ಟರಲ್ಲಿ ಒಳ್ಳೆಯ ಮಾತ್ರೆಗಳೂ ಬಂದವು. ಪ್ರಯತ್ನ ಹಿಂದೆ ಸರಿಯಿತು.

ಅದು ಮರಳಿ ಬಂದದ್ದು ಈ ಶತಮಾನದಲ್ಲಿ. ಪೇಸ್‌ಮೇಕರ್‌ನಂಥ ಪೆಟ್ಟಿಗೆಯನ್ನು ಎದೆಯ ಚರ್ಮದಡಿ ಇಟ್ಟು, ಅದರ ತಂತಿಗಳನ್ನು ಕ್ಯರೋಟಿಡ್ ಧಮನಿಗೆ ಹೊಂದಿಸುವ ರಿಯೋಸ್ ಎಂಬ ಉಪಕರಣದ ದೊಡ್ಡ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಲವು ಮಾತ್ರೆಗಳಿಗೂ ಜಗ್ಗದ ಬಿಪಿ ಇದ್ದ 265 ಮಂದಿಗೆ ಉಪಕರಣ ಅಳವಡಿಸಿದರು. ಕೆಲವರಲ್ಲಿ ಅದನ್ನು ಒಂದು ತಿಂಗಳಿಗೇ ಚಾಲೂ ಮಾಡಿದರು, ಉಳಿದವರಲ್ಲಿ ಮೊದಲ ಆರು ತಿಂಗಳು ಚಾಲೂ ಮಾಡಲೇ ಇಲ್ಲ. ಯಾರದು ಚಾಲೂ, ಯಾರದು ಅಲ್ಲ ಎಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಆರು ತಿಂಗಳ ಕೊನೆಗೆ ನೋಡಿದರೆ, ಯಂತ್ರ ಓಡುತ್ತಿದ್ದವರಲ್ಲಿ ಶೇ. 54ರಷ್ಟು ಜನರ ಮೇಲಿನ ಬಿಪಿ ಕನಿಷ್ಠ 10ರಷ್ಟು ಇಳಿದಿತ್ತು. ಯಂತ್ರ ಸುಮ್ಮನೆ ಮಲಗಿದ್ದವರಲ್ಲಿಯೂ ಶೇ. 46ರಷ್ಟು ಜನರಲ್ಲಿ ಅಷ್ಟೇ ಇಳಿದಿತ್ತು! ಈ ಅಂತರವನ್ನು ಖಚಿತ ಗೆಲುವೆಂದು ಒಪ್ಪಲಾಗಲಿಲ್ಲ. ಇಳಿದ ಬಿಪಿ ಹಲವರಲ್ಲಿ ವರ್ಷದವರೆಗೂ ಇಳಿದೇ ಉಳಿಯಿತು ಎಂಬುದು ಆಶಾದಾಯಕ ಸಂಗತಿಯಾದರೂ, ಶಸ್ತ್ರಚಿಕಿತ್ಸೆಯ ಸುರಕ್ಷತೆಯಲ್ಲಿ ಅದು ತಾನೇ ಹಾಕಿಕೊಂಡ ಗುರಿ ಮುಟ್ಟಲಿಲ್ಲ. ಅದೇ ತತ್ತ್ವದ ಮುಂದಿನ ಪೀಳಿಗೆಯ ಸಣ್ಣ ಉಪಕರಣಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಆದರೆ ಸಿಕ್ಕಿದ್ದು ಹೃದಯ ವೈಫಲ್ಯದ ಚಿಕಿತ್ಸೆಗೆ, ಬಿಪಿಗಲ್ಲ.

ನೀವು ಕಂಡದ್ದು ಚರ್ಮದ ಮೇಲಿನ ಯಂತ್ರ. ಮಣಿಕಟ್ಟಿನ ಒಳಬದಿ ಮತ್ತು ಮೊಣಕಾಲಿನ ಕೆಳಗೆ ಎಂಬ ಜಾಗಗಳು ಬಂದದ್ದು ಅಕ್ಯುಪಂಕ್ಚರ್‌ನಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕರು ಅಲ್ಲಿ ಸೂಜಿ ಚುಚ್ಚಿ, ಸೂಜಿಗೆ ಸಣ್ಣ ವಿದ್ಯುತ್ ಕೊಟ್ಟು ನಡೆಸಿದ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿದರು. ಮಾತ್ರೆ ಸೇವಿಸದೆ ಇದ್ದ 65 ಮಂದಿ, ವಾರಕ್ಕೊಮ್ಮೆ ಅರ್ಧ ಗಂಟೆ, ಎಂಟು ವಾರ. ಸರಿಯಾದ ಜಾಗಗಳಲ್ಲಿ ಚಿಕಿತ್ಸೆ ಪಡೆದವರ ಪೈಕಿ ಶೇ. 70ರಷ್ಟು ಜನರಲ್ಲಿ ಮೇಲಿನ ಬಿಪಿ ಸರಾಸರಿ 6ರಿಂದ 8, ಕೆಳಗಿನದು 4ರಷ್ಟು ಇಳಿಯಿತು, ಪರಿಣಾಮ ಸುಮಾರು ಒಂದೂವರೆ ತಿಂಗಳು ಉಳಿಯಿತು. ಇದು ಅಲಕ್ಷಿಸುವಂಥ ಇಳಿಕೆಯಲ್ಲ; ಸೌಮ್ಯವಾಗಿ ಏರಿದ ಬಿಪಿಯವರಿಗೆ ಮುಂದೊಂದು ದಿನ ಇದು ಪೂರಕ ಚಿಕಿತ್ಸೆಯಾಗಲಿ ಎಂದು ನಾನೂ ಮನಸಾರೆ ಬಯಸುತ್ತೇನೆ. ಆದರೆ ಅಧ್ಯಯನ ಸಣ್ಣದು. ಅಲ್ಲಿ ಬಳಸಿದ್ದು ಸೂಜಿ, ಅಂಟುಪಟ್ಟಿಯಲ್ಲ. ಮೇಲಾಗಿ, ಅಕ್ಯುಪಂಕ್ಚರ್ ಕುರಿತ, 192 ಮಂದಿಯ ಇನ್ನೊಂದು ಅಧ್ಯಯನದಲ್ಲಿ (2006) ನಿಜವಾದ ಚಿಕಿತ್ಸೆಗೂ ಹುಸಿ ಚಿಕಿತ್ಸೆಗೂ ವ್ಯತ್ಯಾಸವೇ ಕಾಣಲಿಲ್ಲ.

ಇನ್ನು, ಶಿಬಿರದಲ್ಲಿ ನಿಮ್ಮ ಬಿಪಿ ಕಣ್ಣೆದುರೇ ಇಳಿದದ್ದು. ಎರಡು ವರ್ಷದ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಅಂಥದೇ ಯಂತ್ರವನ್ನು ಬಟ್ಟೆಚೀಲದಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ತಂದರು. ಮೆಟ್ಟಿಲು ಹತ್ತಿ ಬಂದು ಕುಳಿತವರ ಬಿಪಿ 166/94 ಇತ್ತು. ಮಂಚದ ಮೇಲೆ ಮಲಗಿಸಿ, ಅವರೇ ಪಟ್ಟಿ ಹಚ್ಚಿಕೊಂಡು ಅರ್ಧ ಗಂಟೆ ಯಂತ್ರ ಓಡಿಸಿದ ಮೇಲೆ 148/88. ಅವರ ಮುಖ ಅರಳಿತು. ಮರುದಿನ ಅದೇ ಹೊತ್ತಿಗೆ ಬರಹೇಳಿ, ಅವರ ಒಪ್ಪಿಗೆ ಪಡೆದು, ಪಟ್ಟಿ ಹಚ್ಚಿಯೂ ಯಂತ್ರವನ್ನು ಚಾಲೂ ಮಾಡದೆ ಅಷ್ಟೇ ಹೊತ್ತು ಮಲಗಿಸಿದೆ. ಫ್ಯಾನಿನಡಿ ಕಣ್ಣು ಮುಚ್ಚಿ ಮಲಗಿದ್ದವರಿಗೆ ಸಣ್ಣ ಜೊಂಪೂ ಹತ್ತಿತ್ತು. ಎದ್ದಾಗ 150/88. ಅವರು ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಿದ್ದು, 'ಹಾಗಾದರೆ ಇಳಿಸಿದ್ದು ಮಂಚ' ಎಂದರು. ಒಬ್ಬರ ಮೇಲೆ ಎರಡು ದಿನ ನೋಡಿದ್ದು ಪುರಾವೆಯಾಗದು. ಆದರೆ ಯಂತ್ರದ ಗುಣವನ್ನು ವಿಶ್ರಾಂತಿಯ ಗುಣದಿಂದ ಬೇರ್ಪಡಿಸದೆ ಯಾರೂ ನಿಮಗೆ ಭರವಸೆ ಕೊಡಬಾರದು ಎಂಬುದಕ್ಕೆ ಅದಕ್ಕಿಂತ ಸರಳವಾದ ವಿವರಣೆ ನನಗೆ ತೋಚುವುದಿಲ್ಲ. ಯಂತ್ರ ಮಾರುವವರಲ್ಲಿ ನೀವು ಕೇಳಬೇಕಾದ ಪ್ರಶ್ನೆಯೂ ಇದೇ: ಚಾಲೂ ಮಾಡದ ಯಂತ್ರದೊಂದಿಗೆ ಇದನ್ನು ಹೋಲಿಸಿ ನೋಡಿದ್ದೀರಾ?

ಪ್ರಶ್ನೆ: ಅಮ್ಮನ ಮೊಣಕಾಲು ನೋವಿಗೆ ಫಿಸಿಯೋಥೆರಪಿಯವರು ಟೆನ್ಸ್ ಯಂತ್ರ (ಚರ್ಮದ ಮೇಲೆ ಪಟ್ಟಿ ಹಚ್ಚಿ ಸಣ್ಣ ಕರೆಂಟ್ ಹರಿಸುವ ಸಾಧನ) ಹೇಳಿದ್ದರು, ಮನೆಯಲ್ಲಿದೆ. ಅದನ್ನೇ ಕುತ್ತಿಗೆಗೆ ಹಚ್ಚಿದರೆ ಬಿಪಿ ಇಳಿಯುತ್ತದೆಯೆಂದು ವಿಡಿಯೋ ಒಂದರಲ್ಲಿ ನೋಡಿದೆ. ಮಾಡಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ಮಾಡಬೇಡಿ. ಮೇಲಿನ ಉತ್ತರದಲ್ಲಿ ಹೇಳಿದ ಕಾವಲು ನರಗಳು ಇರುವುದು ಅಲ್ಲಿಯೇ. ಅವನ್ನು ಅಳತೆಯಿಲ್ಲದೆ ಕೆಣಕಿದರೆ ಹೃದಯದ ಬಡಿತ ಒಮ್ಮೆಲೇ ಕುಸಿದು ವ್ಯಕ್ತಿ ಪ್ರಜ್ಞೆ ತಪ್ಪಬಹುದು, ಗಂಟಲಿನ ಸ್ನಾಯುಗಳು ಸೆಟೆದು ಉಸಿರು ಕಟ್ಟಬಹುದು. ಕುತ್ತಿಗೆಯ ಮುಂಭಾಗಕ್ಕೂ ಪಕ್ಕಕ್ಕೂ ಟೆನ್ಸ್ ಪಟ್ಟಿ ಹಚ್ಚಬಾರದೆಂಬುದು ಆ ಯಂತ್ರದ ಮೂಲ ನಿಯಮ. ತಾಯಿಯವರಿಗೆ ಪೇಸ್‌ಮೇಕರ್ ಇದ್ದರೆ ಮೊಣಕಾಲಿಗೆ ಹಚ್ಚುವ ಮೊದಲೂ ಹೃದಯತಜ್ಞರನ್ನು ಕೇಳಲೇಬೇಕು. ನೋವಿಗೆ ಅದು ಒದಗಿದರೆ ಒಳ್ಳೆಯದೇ. ಎಷ್ಟೋ ನೋವಿನ ಮಾತ್ರೆಗಳು ಬಿಪಿಯನ್ನು ಏರಿಸುತ್ತವೆ, ಅವುಗಳ ಅಗತ್ಯ ತಗ್ಗಿದರೆ ಅಷ್ಟರಮಟ್ಟಿಗೆ ಲಾಭವೇ.

ಪ್ರಶ್ನೆ: ಮೈಸೂರಿನಲ್ಲಿರುವ ತಂದೆಯವರಿಗೆ 71 ವರ್ಷ. ನಾಲ್ಕು ಮಾತ್ರೆಗಳಿದ್ದೂ ಬಿಪಿ 160ರ ಆಸುಪಾಸು. ನಾನಿರುವ ಅಮೆರಿಕದಲ್ಲಿ ಮೂತ್ರಪಿಂಡದ ನರಗಳಿಗೆ ಮಾಡುವ ಹೊಸ ಚಿಕಿತ್ಸೆಗೆ ಅನುಮತಿ ಸಿಕ್ಕಿದೆಯಂತೆ. ಅವರಿಗೆ ಮಾಡಿಸಬಹುದೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನೀವು ಹೇಳುತ್ತಿರುವುದು ನರವನ್ನು ಪ್ರಚೋದಿಸುವ ಚಿಕಿತ್ಸೆಯಲ್ಲ, ನರವನ್ನು ಸುಡುವ ಚಿಕಿತ್ಸೆ. ತೊಡೆಸಂದಿನ ರಕ್ತನಾಳದ ಮೂಲಕ ನಳಿಕೆಯನ್ನು ಮೂತ್ರಪಿಂಡದ ಧಮನಿಯವರೆಗೆ ತೂರಿಸಿ, ಆ ಧಮನಿಯ ಸುತ್ತ ಹೆಣೆದುಕೊಂಡಿರುವ ಸಿಂಪಥೆಟಿಕ್ ನರಗಳನ್ನು ರೇಡಿಯೋ ತರಂಗದಿಂದಲೋ ಅಲ್ಟ್ರಾಸೌಂಡ್‌ನಿಂದಲೋ ಕಾಯಿಸಿ ನಿಷ್ಕ್ರಿಯಗೊಳಿಸುತ್ತಾರೆ. ಇದೂ ಪೆಟ್ಟು ತಿಂದು ಎದ್ದ ಚಿಕಿತ್ಸೆ: 2014ರಲ್ಲಿ 535 ಮಂದಿಯ ಪರೀಕ್ಷೆಯಲ್ಲಿ ಚಿಕಿತ್ಸೆ ಪಡೆದವರ ಮೇಲಿನ ಬಿಪಿ ಸರಾಸರಿ 14ರಷ್ಟು ಇಳಿದರೆ, ಚಿಕಿತ್ಸೆಯ ನಟನೆ ಮಾತ್ರ ಮಾಡಿದವರಲ್ಲಿಯೂ ಸುಮಾರು 12ರಷ್ಟು ಇಳಿದಿತ್ತು. ವಿಧಾನ ಸುಧಾರಿಸಿ ನಡೆಸಿದ ಮುಂದಿನ ಪರೀಕ್ಷೆಗಳಲ್ಲಿ ಸಣ್ಣದಾದರೂ ನಿಜವಾದ ಇಳಿಕೆ ಕಂಡು, 2023ರ ನವೆಂಬರ್‌ನಲ್ಲಿ ಎರಡು ಉಪಕರಣಗಳಿಗೆ ಅಲ್ಲಿ ಅನುಮತಿ ದೊರೆಯಿತು. ಮಾತ್ರೆಗಳಿಂದ ಬಿಡುಗಡೆ ಸಿಗುತ್ತದೆಂದು ಅದನ್ನು ಮಾಡಿಸುವುದಲ್ಲ. ಮಾತ್ರೆಗಳ ಜೊತೆಗೆ ಮಾಡಿಸುವುದು.

ಅದಕ್ಕೆ ಮೊದಲು ತಂದೆಯವರ ಬಿಪಿ ನಿಜವಾಗಿಯೂ ಮಾತ್ರೆಗೆ ಜಗ್ಗದ ಬಿಪಿಯೇ ಎಂಬುದು ತಿಳಿಯಬೇಕು. ನಾಲ್ಕು ಮಾತ್ರೆಗಳ ಚೀಟಿ ಇರುವುದಕ್ಕೂ ನಾಲ್ಕನ್ನೂ ದಿನವೂ ನುಂಗುವುದಕ್ಕೂ ಎಷ್ಟೋ ಮನೆಗಳಲ್ಲಿ ಅಂತರವಿರುತ್ತದೆ. ಗದರದೆ, ಪ್ರೀತಿಯಿಂದ ಕೇಳಿ. ಕೆಮ್ಮಿಗೆಂದು ಜ್ಯೇಷ್ಠಮಧು ಅಗಿಯುವ ರೂಢಿಯಿದ್ದರೆ ಅದೂ ಬಿಪಿ ಏರಿಸುತ್ತದೆ. ಗಟ್ಟಿಯಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಬೆಚ್ಚಿ ಏಳುವವರಾದರೆ ನಿದ್ರೆಯ ಪರೀಕ್ಷೆ ಬೇಕು. ಉಪ್ಪಿನ ವಿಷಯದಲ್ಲಿ ನಮ್ಮವರು ಸಾರಿಗೆ ಹಾಕಿದ ಉಪ್ಪನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಮಜ್ಜಿಗೆ ಅನ್ನದ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವೂ ಸೇರಿ.

ಇವೆಲ್ಲ ಸರಿಯಿದ್ದೂ ಬಿಪಿ ಇಳಿಯದಿದ್ದರೆ, ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಅಲ್ಡೋಸ್ಟೆರೋನ್ ಹಾರ್ಮೋನಿನ ಪರೀಕ್ಷೆ ಮಾಡಿಸಲು ವೈದ್ಯರಲ್ಲಿ ಕೇಳಿ. ನಾಲ್ಕರಲ್ಲಿ ಸ್ಪೈರನೊಲ್ಯಾಕ್ಟೋನ್ ಇದೆಯೇ ಎಂದೂ ನೋಡಿ. ಇಂಥ ಹಠಮಾರಿ ಬಿಪಿಗೆ ಸೇರಿಸುವ ನಾಲ್ಕನೆಯ ಮಾತ್ರೆಯಾಗಿ ಅದು ಇತರ ಎರಡು ಮಾತ್ರೆಗಳಿಗಿಂತ ಮೇಲೆಂದು 2015ರ ಬ್ರಿಟಿಷ್ ಅಧ್ಯಯನ ತೋರಿಸಿದೆ. ಅದನ್ನು ಕೊಡುವಾಗ ರಕ್ತದಲ್ಲಿನ ಪೊಟ್ಯಾಶಿಯಂ ಮತ್ತು ಮೂತ್ರಪಿಂಡದ ಸ್ಥಿತಿಯ ಮೇಲೆ ಕಣ್ಣಿಡಬೇಕಾಗುತ್ತದೆ. ಈಗ ನೀವು ದೂರದಿಂದಲೇ ಮಾಡಬಹುದಾದದ್ದು ಒಂದಿದೆ: ತೋಳಿಗೆ ಕಟ್ಟುವ ಒಳ್ಳೆಯ ಬಿಪಿ ಯಂತ್ರವೊಂದನ್ನು ತರಿಸಿಕೊಡಿ. ತಂದೆಯವರು ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ, ತೋಳನ್ನು ಎದೆಯ ಮಟ್ಟದ ಮೇಜಿನ ಮೇಲಿಟ್ಟು, ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ ನೋಡಿ ಬರೆದಿಡಲಿ. ನೀವು ಫೋನ್ ಮಾಡುವ ಹೊತ್ತು ಮಾತ್ರ ಅದಾಗಿರಬಾರದು. ಏಳು ದಿನ ಬರೆದ ಆ ಹಾಳೆಯನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಮುಂದಿಡಲಿ. ಮೂತ್ರಪಿಂಡದ ನರಗಳ ಚಿಕಿತ್ಸೆಯ ಮಾತನ್ನು ಅದನ್ನು ನೋಡಿದ ಮೇಲೆ ತೆಗೆಯಬಹುದು.