ರಿಮ್ಯಾಪ್ ಆಮೇಲೆ, ಮೊದಲು ಹೋಸ್ ಪೈಪ್ ಮುಟ್ಟಿ ನೋಡಿ

ಪ್ರಶ್ನೆ: ನನ್ನದು 2013ರ ಸ್ವಿಫ್ಟ್ ಡೀಸೆಲ್. 1.4 ಲಕ್ಷ ಕಿ.ಮೀ. ಓಡಿದೆ. ಧರ್ಮಸ್ಥಳದಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿತ್ತು. ಈಗ ಎರಡನೇ ಗೇರಿಗೆ ಇಳಿಸಿದರೂ ಎಳೆಯುವುದಿಲ್ಲ, ಹಿಂದೆ ಕರಿ ಹೊಗೆ ಬೇರೆ. ರಿಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಶಕ್ತಿ ಏರಿಸುವುದು) ಮಾಡಿಸಿದರೆ ಪಿಕಪ್ ಬರುತ್ತದೆ ಎಂದು ಗೆಳೆಯ ಹೇಳುತ್ತಿದ್ದಾನೆ. ಆಯಿಲ್ ಚೇಂಜ್‌ನಂಥ ಕೆಲಸ ಮನೆಯಲ್ಲೇ ಮಾಡಿಕೊಳ್ಳುವ ಆಸೆಯೂ ಇದೆ. ಏನು ಮಾಡಲಿ?
— ಹಾಸನದ ಓದುಗರು

ಉತ್ತರ: ನಿಮ್ಮ ಕಾರು ಶೋರೂಮಿನಿಂದ ಬಂದಾಗ 75 ಕುದುರೆಗಳಿದ್ದವು, ಅಂದರೆ 75 ಅಶ್ವಶಕ್ತಿ. ಅದರಲ್ಲಿ ಎಷ್ಟೋ ಈಗ ಲಾಯದಲ್ಲಿಲ್ಲ. ತಪ್ಪಿಸಿಕೊಂಡವನ್ನು ಹುಡುಕದೆ ಹೊಸ ಕುದುರೆ ತರೋಕೆ ಹೊರಟಿದ್ದೀರಿ, ಅಲ್ವಾ? ರಿಮ್ಯಾಪ್ ಕೇಳಿಕೊಂಡು ನನ್ನ ಶೆಡ್ಡಿಗೆ ಬರುವ ಹಳೇ ಡೀಸೆಲ್ ಕಾರುಗಳಲ್ಲಿ ಸುಮಾರು ಕಾರುಗಳದ್ದು ಇದೇ ಕಥೆ.

ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಗಾಳಿ ಬರುವ ದಾರಿ ಹೀಗಿದೆ: ಏರ್ ಫಿಲ್ಟರ್, ಅದರ ಪಕ್ಕ ಗಾಳಿ ಅಳೆಯುವ ಸೆನ್ಸರ್, ಆಮೇಲೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಅಲ್ಲಿಂದ ಹೋಸ್ ಪೈಪಿನಲ್ಲಿ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಮತ್ತೊಂದು ಹೋಸ್ ಪೈಪಿನಲ್ಲಿ ಇಂಜಿನ್. ಸೆನ್ಸರ್ ಇರುವುದು ಟರ್ಬೊಗಿಂತ ಮುಂಚೆ. ಅದು ಅಳೆದು ಕಳಿಸಿದ ಗಾಳಿ ದಾರಿಯಲ್ಲಿ ಹರಿದ ಹೋಸಿನಿಂದ ಸೋರಿಹೋದರೆ ಕಾರಿನ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅಳತೆಯ ಲೆಕ್ಕದಲ್ಲೇ ಡೀಸೆಲ್ ಬಿಡುತ್ತದೆ. ಸುಡಲು ಗಾಳಿ ಸಾಲದ ಡೀಸೆಲ್ ಮಸಿಯಾಗಿ ಹಿಂದಿನಿಂದ ಹೊರಗೆ ಬರುತ್ತದೆ. ಇದರ ಮೇಲೆ ರಿಮ್ಯಾಪ್ ಮಾಡಿದರೆ ಇನ್ನಷ್ಟು ಡೀಸೆಲ್, ಇನ್ನಷ್ಟು ಮಸಿ.

ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಆ ಎರಡೂ ಹೋಸ್‌ಗಳ ಅಡಿಭಾಗಕ್ಕೆ ಕೈ ಹಾಕಿ ಸವರಿ. ಮೇಲೆ ಎಲ್ಲ ಚೆನ್ನಾಗೇ ಕಾಣುತ್ತದೆ, ಸೀಳು ಇರುವುದು ಯಾವಾಗಲೂ ಕಣ್ಣಿಗೆ ಬೀಳದ ಕಡೆ. ಬೆರಳಿಗೆ ಎಣ್ಣೆ ಜಿಡ್ಡು ಹತ್ತಿದರೆ ಆ ಜಾಗವನ್ನೇ ಹಿಚುಕಿ ನೋಡಿ. ಬಾಯಿ ಬಿಡುತ್ತದೆಯೇ? ಕ್ಲ್ಯಾಂಪ್ ಸಡಿಲವಾಗಿದೆಯೇ? ಹೋಸಿನ ಒಳಗೆ ತೆಳುವಾಗಿ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ, ಅದು ಇರುವುದೇ. ಸುರಿಯುವಷ್ಟಿದ್ದರೆ ಮಾತ್ರ ಟರ್ಬೊ ಮೇಲೆ ಅನುಮಾನ ಪಡಿ.

ಕೈಗೆ ಸಿಗದಿದ್ದರೆ ಹೋಸ್ ಕಳಚಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಗೆ ಸರಿಯಾದ ಎರಡು ಪಿವಿಸಿ ಎಂಡ್ ಕ್ಯಾಪ್ ತನ್ನಿ. ಒಂದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಎರಡೂ ಬಾಯಿಗೆ ಕ್ಯಾಪ್ ಹಾಕಿ ಕ್ಲ್ಯಾಂಪ್ ಬಿಗಿದು ಸೈಕಲ್ ಪಂಪಿನಿಂದ 10 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಸವರಿ. ಪಂಕ್ಚರ್ ಅಂಗಡಿಯ ವಿದ್ಯೆಯೇ ಇದು. 15 ದಾಟಿಸಬೇಡಿ. ಕ್ಯಾಪ್ ಎಗರಿ ಮುಖಕ್ಕೆ ಬಡಿದೀತು.

ಇನ್ನೊಂದು ದಾರಿಯೂ ಇದೆ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ರೀಡರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರಲ್ಲಿ ಮ್ಯಾನಿಫೋಲ್ಡ್ ಒತ್ತಡ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ) ಅಂತ ಒಂದು ಸಂಖ್ಯೆ ಬರುತ್ತದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಹಾಸನದಲ್ಲಿ 90 ಕಿಲೋಪಾಸ್ಕಲ್ ಆಸುಪಾಸು ತೋರಿಸಬೇಕು. ಮಂಗಳೂರಿನಲ್ಲಾದರೆ 101ರ ಹತ್ತಿರ. ಅದು ಆ ಊರಿನ ಗಾಳಿಯ ಒತ್ತಡ. ಈಗ ಖಾಲಿ ಏರುದಾರಿಯಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಓಡಿಸುವವರು ಒಬ್ಬರು, ಫೋನ್ ನೋಡುವವರು ಇನ್ನೊಬ್ಬರು. 2,000 ಆರ್‌ಪಿಎಂ ದಾಟಿದ ಮೇಲೆ ಆ ಸಂಖ್ಯೆ ಸುಮಾರು ಎರಡು ಪಟ್ಟಾಗಬೇಕು. 120, 130ರಲ್ಲೇ ತೆವಳುತ್ತಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಟರ್ಬೊ ಕೆಲಸ ಮಾಡುತ್ತಿಲ್ಲ. ಸಂಖ್ಯೆ ಸರಿಯಾಗಿ ಏರಿಯೂ ಕಾರು ಎಳೆಯದಿದ್ದರೆ ಡೀಸೆಲ್ ಫಿಲ್ಟರ್, ಮಸಿ ಕಟ್ಟಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವಾಲ್ವ್) ಕಡೆ ತಿರುಗಿ. ಗಾಳಿ ಸೆನ್ಸರನ್ನು ಅದಕ್ಕೆಂದೇ ಬರುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಇನ್ನು ಆಯಿಲ್ ಚೇಂಜ್. ಧಾರಾಳವಾಗಿ ಮನೆಯಲ್ಲೇ ಮಾಡಿ. ಈ ಇಂಜಿನ್ನಿನಲ್ಲಿ ಟರ್ಬೊ, ಟೈಮಿಂಗ್ ಚೈನ್ ಎರಡೂ ಬದುಕಿರುವುದು ಆಯಿಲ್ ಮೇಲೆಯೇ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಅದು ಆಯಿಲಿನ ತೆಳು ಪದರದ ಮೇಲೆ ತೇಲುತ್ತಾ ತಿರುಗುವ ಶಾಫ್ಟ್. ಆ ಪದರ ಒಂದು ಕ್ಷಣ ಹರಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಹಾಗಾಗಿ ಮ್ಯಾನುಯಲ್ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿ. ಕಂಪನಿ ಹೇಳಿದ ಗಡುವಿಗಿಂತ ಸ್ವಲ್ಪ ಮೊದಲೇ ಬದಲಿಸಿದರೆ ಒಳ್ಳೆಯದು. ಓದುಗರಲ್ಲಿ ಬಿಎಸ್6 ಡೀಸೆಲ್ ಇರುವವರಿಗೆ ಒಂದು ಮಾತು: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಬೇರೆ ಆಯಿಲ್ ಬೇಕು. ಪಕ್ಕದ ಮನೆಯವರ ಸ್ವಿಫ್ಟ್‌ಗೆ ತಂದು ಉಳಿದದ್ದನ್ನು ಅದಕ್ಕೆ ಸುರಿಯಬೇಡಿ.

ಇಂಜಿನ್ ಉಗುರುಬೆಚ್ಚಗಿರಲಿ, ಸುಡುವಷ್ಟು ಬೇಡ. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಅದನ್ನು ನಂಬಿ ಕಾರಿನ ಅಡಿಗೆ ತಲೆ ಹಾಕಬೇಡಿ. ಗಟ್ಟಿಯಾದ ಜಾಕ್ ಸ್ಟ್ಯಾಂಡ್ ಎರಡು ಕೊಳ್ಳಿ, ಉಳಿದ ಟೂಲ್ಸ್ ಎಲ್ಲ ಆಮೇಲೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಇದರ ಆಯಿಲ್ ಫಿಲ್ಟರ್ ಡಬ್ಬಿಯಲ್ಲ, ಪೇಪರ್ ಎಲಿಮೆಂಟ್. ಅದರ ಜೊತೆ ಬರುವ ರಬ್ಬರ್ ರಿಂಗನ್ನೂ ಬದಲಿಸಿ, ಹಾಕುವ ಮುಂಚೆ ಆಯಿಲ್ ಸವರಿ. ಸುಮಾರು ಮೂರು ಲೀಟರ್ ಸುರಿದು, ಒಂದು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಸ್ವಲ್ಪಸ್ವಲ್ಪವೇ ಸೇರಿಸಿ. ಮೇಲಿನ ಗೆರೆ ದಾಟಿಸುವುದು ಉದಾರತೆಯಲ್ಲ, ಅಪಾಯ. ಮಿತಿಮೀರಿದ ಆಯಿಲ್, ಇಂಜಿನ್ ಒಳಗಿನ ಆವಿ ಹೋಗುವ ಬ್ರೀದರ್ ಪೈಪಿನಿಂದ ಗಾಳಿಯ ದಾರಿಗೆ ನುಗ್ಗಿದರೆ ಡೀಸೆಲ್ ಇಂಜಿನ್ ಅದನ್ನೇ ಕುಡಿದು ಓಡಲು ಶುರುಮಾಡಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಇಂಜಿನ್ ಕೊಲ್ಲಬೇಕು. ಹಳೇ ಆಯಿಲನ್ನು ಚರಂಡಿಗೆ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಇಂಜೆಕ್ಟರಿಗೆ ಹೋಗುವ ಸಣ್ಣ ಸ್ಟೀಲ್ ಪೈಪುಗಳಿಗೆ ಮಾತ್ರ ಕೈ ಹಾಕಬೇಡಿ. ಇಂಜಿನ್ ಓಡುವಾಗ ಅದರೊಳಗೆ ಸಾವಿರ ಬಾರ್ ದಾಟುವ ಒತ್ತಡ ಇರುತ್ತದೆ. ನಟ್ ಸಡಿಲಿಸಿದರೆ ಹೊರಗೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಸರಿಮಾಡಿ ಒಮ್ಮೆ ಶಿರಾಡಿ ಹತ್ತಿ ನೋಡಿ. ಆಮೇಲೂ ರಿಮ್ಯಾಪ್ ಬೇಕು ಅನಿಸಿದರೆ ಲೆಕ್ಕ ಹಾಕಿ. ನಿಮ್ಮ ಕ್ಲಚ್ 190 ನ್ಯೂಟನ್ ಮೀಟರ್ ಎಳೆತಕ್ಕೆ ಮಾಡಿದ್ದು, ಅದೂ 1.4 ಲಕ್ಷ ಕಿ.ಮೀ. ಸವೆದದ್ದು. ಎಳೆತ ಏರಿಸಿದರೆ ಮೊದಲು ಜಾರುವುದು ಅದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಅನುಮತಿ ಇಲ್ಲದ ಬದಲಾವಣೆ ಒಂದೊಂದಕ್ಕೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮ್ ವೇಳೆ ತಕರಾರು ಬರುತ್ತದೆ. ನನ್ನನ್ನು ಕೇಳಿದರೆ ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ, ಬ್ರೇಕ್ ಫ್ಲೂಯಿಡ್ ಬದಲಿಸಿ. ಘಾಟಿ ಹತ್ತಿದವರು ಇಳಿಯಲೂಬೇಕಲ್ಲ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರು ತಗೊಂಡಿದ್ದೇನೆ. ನಿಲ್ಲಿಸಿದ ಮೇಲೆ ಎರಡು ನಿಮಿಷ ಇಂಜಿನ್ ಆನ್ ಇಡಲೇಬೇಕೆಂದು ನಮ್ಮ ಮಾವ ಹಠ ಮಾಡುತ್ತಾರೆ. ನಿಜವೇ?
— ಬೆಂಗಳೂರಿನ ಓದುಗರು

ಉತ್ತರ: ಮಾವನವರ ಮಾತು ಅವರ ಕಾಲಕ್ಕೆ ಸರಿ. ಇಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ. ಕೆಂಡದಂಥ ಟರ್ಬೊದೊಳಗೆ ಉಳಿದ ಆಯಿಲ್ ಸೀದು ಕರಕಲಾಗುತ್ತದೆ, ಒಗ್ಗರಣೆ ಬಾಣಲೆ ತಳ ಹತ್ತಿದ ಹಾಗೆ. ಈಗಿನ ಎಷ್ಟೋ ಪೆಟ್ರೋಲ್ ಟರ್ಬೊಗಳಿಗೆ ಕೂಲೆಂಟ್ ಕೂಡ ಹರಿಯುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಗುಂಯ್ ಅಂತ ಪಂಪೋ ಫ್ಯಾನೋ ಓಡುತ್ತದೆ. ಕಾರು ಕೆಟ್ಟಿದೆ ಎಂದಲ್ಲ.

ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ತೆವಳಿ ಮನೆ ಸೇರಿದ ಕಾರಿನ ಟರ್ಬೊ ಬೆವರೇ ಬಿಟ್ಟಿರುವುದಿಲ್ಲ, ಸುಮ್ನೆ ಆಫ್ ಮಾಡಿ. ಹೈವೇಯಲ್ಲಿ ಜೋರಾಗಿ ಬಂದು ನೇರ ಹೋಟೆಲ್ ಮುಂದೆ ನಿಲ್ಲಿಸುವಾಗ, ಘಾಟಿ ಹತ್ತಿದ ತಕ್ಷಣ ನಿಲ್ಲಿಸುವಾಗ ಒಂದು ನಿಮಿಷ ಬಿಡಿ. ಅದಕ್ಕಿಂತ ನಿಗಾ ಬೇಕಿರುವುದು ಬೆಳಗ್ಗೆ. ಸ್ಟಾರ್ಟ್ ಮಾಡಿದ ಕೂಡಲೇ ಭರ್ರನೆ ರೇಸ್ ಮಾಡಬೇಡಿ. ಮೊದಲ ಎರಡು ಮೂರು ಕಿ.ಮೀ. ಮೆಲ್ಲಗೆ ಹೋಗಿ.

ಪ್ರಶ್ನೆ: ಒಂದೇ ವರ್ಷದಲ್ಲಿ ಎರಡು ಟರ್ಬೊ ಹೋಯಿತು. ಡೂಪ್ಲಿಕೇಟ್ ಮಾಲು ಹಾಕಿರಬಹುದೇ?
— ಚಿತ್ರದುರ್ಗದ ಓದುಗರು

ಉತ್ತರ: ಇರಬಹುದು. ಆದರೆ ಮೊದಲ ಟರ್ಬೊ ಯಾಕೆ ಹೋಯಿತು ಎಂದು ಯಾರಾದರೂ ನೋಡಿದರೇ? ಈ ತಪ್ಪು ನಾನೂ ಮಾಡಿದ್ದೇನೆ. ಹೊಸತರಲ್ಲಿ ಒಬ್ಬರ ಕಾರಿಗೆ ಒರಿಜಿನಲ್ ಟರ್ಬೊನೇ ಕೂರಿಸಿ ಕಳಿಸಿದೆ. ತಿಂಗಳೊಳಗೆ ಸೈರನ್ ಥರ ಕೂಗಿಕೊಂಡು ವಾಪಸ್ ಬಂತು. ಬಿಚ್ಚಿ ನೋಡಿದರೆ ಟರ್ಬೊಗೆ ಆಯಿಲ್ ತರುವ ಪೈಪಿನೊಳಗೆ ಕರಕಲು ಕಟ್ಟಿ, ಸೂಜಿ ತೂರುವಷ್ಟು ದಾರಿ ಉಳಿದಿತ್ತು. ಎರಡನೇ ಟರ್ಬೊ ನನ್ನ ಜೇಬಿನಿಂದ ಹೋಯಿತು.

ಹಾಗಾಗಿ ಟರ್ಬೊ ಜೊತೆ ಆಯಿಲ್ ತರುವ ಪೈಪನ್ನೂ ಹೊಸದೇ ಹಾಕಿಸಿ. ವಾಪಸ್ ಹೋಗುವ ಪೈಪ್ ತೊಳೆಸಿ, ಇಂಟರ್‌ಕೂಲರಿನಲ್ಲಿ ನಿಂತ ಆಯಿಲ್ ಮತ್ತು ಹಳೇ ಬ್ಲೇಡಿನ ಚೂರು ಇದ್ದರೆ ತೆಗೆಸಿ. ಆಯಿಲ್, ಫಿಲ್ಟರ್ ಹೇಗೂ ಹೊಸದು. ಸ್ಟಾರ್ಟ್ ಮಾಡುವ ಮುಂಚೆ ಹೊಸ ಟರ್ಬೊದ ಆಯಿಲ್ ತೂತಿಗೆ ಸ್ವಲ್ಪ ಆಯಿಲ್ ಬಿಟ್ಟು ಶಾಫ್ಟನ್ನು ಕೈಯಲ್ಲಿ ತಿರುಗಿಸಬೇಕು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸರಿ. ಹಿಂದೆ ಮುಂದೆ ಎಳೆದಾಗ ಅಲುಗಾಟ ಕೈಗೆ ಗೊತ್ತಾಗಬಾರದು, ಬ್ಲೇಡ್ ಗೋಡೆಗೆ ತಾಗಲೇಬಾರದು. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಇದನ್ನು ನೀವೇ ಮುಟ್ಟಿ ನೋಡಿ.

ಪ್ರಶ್ನೆ: ಡೀಸೆಲ್ ಕಾರಿಗೆ ಕೋನ್ ಫಿಲ್ಟರ್ (ಡಬ್ಬಿಯಿಲ್ಲದ, ಶಂಕುವಿನಾಕಾರದ ಏರ್ ಫಿಲ್ಟರ್), ‘ಫುಸ್’ ಅನ್ನುವ ಬ್ಲೋ ಆಫ್ ವಾಲ್ವ್ ಹಾಕಿಸಬಹುದೇ ಸರ್?
— ದಾವಣಗೆರೆಯ ಓದುಗರು

ಉತ್ತರ: ಆ ವಾಲ್ವ್ ಪೆಟ್ರೋಲ್ ಟರ್ಬೊಗೆಂದು ಬಂದದ್ದು. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಇಂಜಿನ್ನಿನ ಥ್ರಾಟಲ್ ಬಾಗಿಲು ಮುಚ್ಚುತ್ತದೆ, ದಾರಿ ಸಿಗದ ಗಾಳಿಯನ್ನು ಹೊರಗೆ ಬಿಡಲು ಅದು ಬೇಕು. ಡೀಸೆಲ್‌ನಲ್ಲಿ ಗಾಳಿಗೆ ಹಾಗೆ ಬಾಗಿಲು ಹಾಕಿ ವೇಗ ಹಿಡಿಯುವುದಿಲ್ಲ. ಬಿಡುಗಡೆ ಮಾಡಲು ಸಿಕ್ಕಿಬಿದ್ದ ಗಾಳಿಯೇ ಇಲ್ಲ. ದುಡ್ಡು ಕೊಟ್ಟು ಸದ್ದು ಕೊಂಡ ಹಾಗೆ ಆಗುತ್ತದೆ, ಜೊತೆಗೆ ಸೋರಲು ಹೊಸದೊಂದು ಜಾಗ.

ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಎಣ್ಣೆ ಸವರುವ ಬಗೆಯದಾದರೆ ಆ ಎಣ್ಣೆ ಗಾಳಿ ಸೆನ್ಸರಿಗೂ ಮೆತ್ತಿಕೊಳ್ಳುತ್ತದೆ. ನಿಮ್ಮ ಕಡೆಯ ಬೇಸಿಗೆ ಧೂಳಿಗೆ ಕಂಪನಿಯ ಪೇಪರ್ ಫಿಲ್ಟರನ್ನೇ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತಿರಿ. ಡಬ್ಬಿ ಮುಚ್ಚುವಾಗ ಕ್ಲಿಪ್ ಎಲ್ಲವೂ ಕೂತಿವೆಯೇ ನೋಡಿ. ಒಂದು ಬಿಟ್ಟುಹೋದರೂ ಧೂಳು ನೇರ ಟರ್ಬೊ ಬ್ಲೇಡಿಗೆ.